ಅಪರೂಪದ ಬಂಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಹಿರಿಯರ ಮಾತಿಗೆ ಮೂರನೆಯದೊಂದನ್ನು ಸೇರಿಸುವ ಅಧಿಕಾರ ನನಗಿದ್ದಿದ್ದರೆ, ಹಳೆಯ ಮೋಟಾರು ಕೊಂಡು ನೋಡು ಎಂದು ಸೇರಿಸುತ್ತಿದ್ದೆ. ಅದರಲ್ಲಿಯೂ, ಊರಿನಲ್ಲೆಲ್ಲ ಹುಡುಕಿದರೂ ಬೆರಳೆಣಿಕೆಯಷ್ಟೇ ಸಿಕ್ಕುವ ಅಪರೂಪದ ಮೋಟಾರನ್ನು ಕೊಳ್ಳಹೊರಟವನ ಮನಸ್ಸಿನ ತುಮುಲವನ್ನು ಅನುಭವಿಸಿದವನೇ ಬಲ್ಲ.

ನಮ್ಮ ತಂದೆಯವರ ಕಾಲದಲ್ಲಿ ಈ ತುಮುಲಕ್ಕೆ ಆಸ್ಪದವೇ ಇರಲಿಲ್ಲ. ಕಲ್ಕತ್ತೆಯ ಬಳಿ ತಯಾರಾಗುತ್ತಿದ್ದ ಅಂಬಾಸಿಡರ್, ಬೊಂಬಾಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಈ ಮೂರರಲ್ಲಿ ಒಂದು, ಅದೂ ವರ್ಷಗಟ್ಟಲೆ ಕಾದ ಮೇಲೆ. ಆದರೆ ಒಮ್ಮೆ ಮನೆಗೆ ಬಂದಿತೆಂದರೆ ಮುಂದಿನ ಚಿಂತೆ ಕಡಿಮೆ. ೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನ ದೊಡ್ಡ ಗುಣವೆಂದರೆ ಅದರ ವೇಗವಲ್ಲ, ಅಂದವಲ್ಲ. ಹೆದ್ದಾರಿಯ ಬದಿಯ ಯಾವ ಮೇಸ್ತ್ರಿಯಾದರೂ ಕಣ್ಣು ಮುಚ್ಚಿಕೊಂಡು ಅದನ್ನು ಬಿಚ್ಚಿ ಜೋಡಿಸಬಲ್ಲವನಾಗಿದ್ದ ಎಂಬುದು. ಸಾಮಾನ್ಯನಾಗಿರುವುದರಲ್ಲಿಯೂ ಒಂದು ಭಾಗ್ಯವಿದೆ. ಅದು ಮನುಷ್ಯನಿಗೆ ಹೇಗೋ ವಾಹನಕ್ಕೂ ಹಾಗೆಯೇ.

ಇಷ್ಟು ಪೀಠಿಕೆಗೆ ಕಾರಣ ನಮ್ಮ ಎದುರುಮನೆಯ ಮಿತ್ರರು. ಕೆಲವು ವಾರಗಳ ಹಿಂದೆ ಒಂದು ಭಾನುವಾರ ಬೆಳಗ್ಗೆ, ಕಾಫಿಯ ಲೋಟ ಇನ್ನೂ ನನ್ನ ಕೈಯಲ್ಲಿರುವಾಗಲೇ ಬಂದು, "ಒಂದು ಗಾಡಿ ನೋಡಬೇಕಾಗಿದೆ, ಜೊತೆಗೆ ಬನ್ನಿ" ಎಂದರು. ಮೋಟಾರು ವಿದ್ಯೆಯಲ್ಲಿ ನಾನು ಪಂಡಿತನೆಂದು ಅವರೇನೂ ಭಾವಿಸಿರಲಿಲ್ಲ. ಹಿಂದೆ ನಾನು ಇಂಥ ವ್ಯವಹಾರದಲ್ಲಿ ಕೈ ಸುಟ್ಟುಕೊಂಡದ್ದು ಬೀದಿಗೆಲ್ಲ ತಿಳಿದಿತ್ತು. ಕೈ ಸುಟ್ಟುಕೊಂಡವನಿಗೆ ಬೆಂಕಿಯ ಗುರುತು ಚೆನ್ನಾಗಿರುತ್ತದೆಯೆಂಬುದು ಅವರ ತರ್ಕವಾಗಿದ್ದಿರಬೇಕು.

ಅವರಿಗೆ ವಾಹನ ಬೇಕಾಗಿದ್ದುದು ವಿಲಾಸಕ್ಕಲ್ಲ. ಮನೆಯಲ್ಲಿ ಎಪ್ಪತ್ತೆರಡರ ತಾಯಿಯಿದ್ದಾರೆ. ಒಂದು ವರ್ಷದಿಂದ ಆಕೆಗೆ ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್. ಬೆಳಗಿನ ಆರು ಗಂಟೆಗೆ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿಯಬೇಕು. ಬಾಡಿಗೆಯ ಕಾರುಗಳನ್ನು ನಂಬಿ ನೋಡಿದ್ದಾಯಿತು. ಕತ್ತಲಿರುವಾಗಲೇ ಬರುತ್ತೇನೆಂದು ಒಪ್ಪಿಕೊಂಡ ಚಾಲಕ ಹತ್ತು ನಿಮಿಷದ ಅನಂತರ ಬರಲಾರೆನೆಂದುಬಿಡುವುದು, ಈಕೆ ಬಾಗಿಲಲ್ಲಿ ಶಾಲು ಹೊದ್ದು ನಿಂತಿರುವುದು, ತಿಂಗಳಲ್ಲಿ ಎರಡು ಮೂರು ಸಲವಾದರೂ ನಡೆಯುತ್ತಿತ್ತು. ಮನೆಯಲ್ಲಿದ್ದ ಚಿಕ್ಕ ಕಾರಾದರೋ ತಗ್ಗು. ಅದರಿಂದ ಏಳಬೇಕಾದರೆ ಕೈ ಊರಲೇಬೇಕು. ಆಕೆಯ ಎಡಗೈಯಲ್ಲಿ ಚಿಕಿತ್ಸೆಗಾಗಿ ರಕ್ತನಾಳಗಳನ್ನು ಜೋಡಿಸಿರುವುದರಿಂದ ಆ ಕೈಯ ಮೇಲೆ ಭಾರ ಬೀಳಕೂಡದು. ಬಾಗದೆ, ಹತ್ತದೆ, ನೆಟ್ಟಗೆ ನಿಂತವರು ಸುಮ್ಮನೆ ಹಿಂದಕ್ಕೆ ಕುಳಿತುಕೊಳ್ಳುವಷ್ಟು ಎತ್ತರದ ಆಸನ ಬೇಕು. ಹೊಸ ಎಸ್.ಯು.ವಿ. ಕೊಳ್ಳುವಷ್ಟು ಹಣವಿಲ್ಲ, ಇದ್ದುದರಲ್ಲಿ ಬಹುಭಾಗ ಆಸ್ಪತ್ರೆಗೆ ಮೀಸಲು. ಚಿಕ್ಕ ಕಾರನ್ನು ಮಾರಿದ ಹಣಕ್ಕೆ ಉಳಿತಾಯದ ಒಂದಿಷ್ಟು ಸೇರಿಸಿದರೆ ನಾಲ್ಕು ಲಕ್ಷ ಆಗುತ್ತಿತ್ತು.

ಆ ನಾಲ್ಕು ಲಕ್ಷಕ್ಕೆ ಅವರ ಕಣ್ಣಿಗೆ ಬಿದ್ದುದು ೨೦೧೨ರ ಸ್ಕೋಡಾ ಯೇತಿ.

ವಾಚಕರಲ್ಲಿ ಅನೇಕರು ಈ ಹೆಸರನ್ನೇ ಕೇಳಿರಲಾರರು. ಯೇತಿ ಎಂದರೆ ಹಿಮಾಲಯದಲ್ಲಿ ಸಂಚರಿಸುತ್ತಾನೆಂದು ಪ್ರತೀತಿಯಿರುವ ಹಿಮಮಾನವ. ಚೆಕ್ ದೇಶದ ಸ್ಕೋಡಾ ಸಂಸ್ಥೆ ಆ ಹೆಸರಿಟ್ಟು ೨೦೦೯ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಈ ವಾಹನವನ್ನು ಲೋಕಕ್ಕೆ ತೋರಿಸಿತು. ನಮ್ಮ ದೇಶದಲ್ಲಿ ೨೦೧೦ರ ನವೆಂಬರಿನಲ್ಲಿ ಮಾರಾಟ ಆರಂಭವಾಯಿತು; ಬೆಲೆ ಹದಿನೈದು ಲಕ್ಷದ ಆಸುಪಾಸು. ಆಗ ನಮ್ಮ ಸರ್ಕಾರದ ಸುಂಕದ ಕಟ್ಟಳೆ ಹೀಗಿತ್ತು: ಉದ್ದ ನಾಲ್ಕು ಮೀಟರಿನೊಳಗಿದ್ದು, ಡೀಸಲ್ ಎಂಜಿನು ೧,೫೦೦ ಸಿ.ಸಿ. ಮೀರದಿದ್ದರೆ ರಿಯಾಯಿತಿ. ಯೇತಿ ಗೇಣುದ್ದ ಹೆಚ್ಚು. ಎಂಜಿನೂ ಎರಡು ಲೀಟರಿನದು. ನೋಟಕ್ಕೆ ಚಿಕ್ಕದು, ಬೆಲೆಗೆ ದೊಡ್ಡದು. ಅದೇ ಹಣಕ್ಕೆ ಏಳು ಮಂದಿ ಕೂರುವ ಭಾರಿ ವಾಹನ ಸಿಕ್ಕುವಾಗ ಐದು ಮಂದಿಯ ಈ ಬಂಡಿಯನ್ನು ನಮ್ಮ ಜನ ಏಕೆ ಕೊಂಡಾರು? ಬಲ್ಲವರು ಮೆಚ್ಚಿದರು, ಕೊಂಡವರು ಕೆಲವರು. ೨೦೧೭ರ ಹೊತ್ತಿಗೆ ಅದರ ತಯಾರಿಕೆಯೇ ಮುಗಿಯಿತು.

ವಾಹನವಿದ್ದುದು ಸೇನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಒಬ್ಬ ಹಿರಿಯರ ಮನೆಯಲ್ಲಿ. ಕಣ್ಣಿನ ಪೊರೆ ಬೆಳೆದು ರಾತ್ರಿ ವಾಹನ ನಡೆಸುವುದು ಕಷ್ಟವಾದುದರಿಂದ ಮಾರಲು ಮನಸ್ಸು ಮಾಡಿದ್ದರು. ಓಡಿದ್ದು ೭೮,೦೦೦ ಕಿಲೋಮೀಟರು. ಪ್ರತಿ ಸರ್ವೀಸಿನ ರಸೀದಿಯೂ ದಿನಾಂಕದ ಕ್ರಮದಲ್ಲಿ ಕಡತದಲ್ಲಿತ್ತು. ನಮ್ಮೊಡನೆ ಬಂದಿದ್ದ ಮೇಸ್ತ್ರಿ ಆ ಕಡತವನ್ನು ಕಂಡೇ ಅರ್ಧ ಒಲಿದುಬಿಟ್ಟ.

ಇಂಥ ವಾಹನದಲ್ಲಿ ನೋಡಬೇಕಾದುದೇನೆಂದು ಆತ ನಮಗೆ ವಿವರಿಸಿದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಎಂಜಿನಿನ ಒಳಗೆ ಟೈಮಿಂಗ್ ಬೆಲ್ಟೆಂಬ ರಬ್ಬರಿನ ಪಟ್ಟಿಯಿದೆ. ಓಡುವಾಗ ಅದು ಹರಿದರೆ ಕವಾಟಗಳಿಗೆ ಪಿಸ್ಟನ್ನು ಬಡಿದು ಎಂಜಿನೇ ಕೆಡುತ್ತದೆ. ದೂರ ಓಡದಿದ್ದರೂ ವಯಸ್ಸಾದಂತೆ ರಬ್ಬರು ಸೊರಗುವುದರಿಂದ, ಬದಲಿಸಿದ್ದಕ್ಕೆ ರಸೀದಿಯಿಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿದು ಆ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕು. ಇದು ನಾಲ್ಕೂ ಚಕ್ರಗಳಿಗೆ ಬಲ ಹರಿಯುವ ಮಾದರಿ. ಸಾಮಾನ್ಯವಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ. ಅವು ಜಾರಿದೊಡನೆ ಹಾಲ್ಡೆಕ್ಸ್ ಎಂಬ ಜೋಡಣೆ ಹಿಂದಿನ ಚಕ್ರಗಳಿಗೆ ಬಲವನ್ನು ಹಂಚುತ್ತದೆ. ಅದಕ್ಕೆ ಬೇರೆಯೇ ಎಣ್ಣೆ, ಕಾಲಕಾಲಕ್ಕೆ ಬದಲಿಸಬೇಕು. ನಾಲ್ಕು ಟೈರುಗಳೂ ಒಂದೇ ಬಗೆಯವಾಗಿದ್ದು ಒಂದೇ ಸಮನೆ ಸವೆದಿರಬೇಕು. ಇನ್ನೊಂದು ಸಂಗತಿ: ೨೦೧೫ರ ಸೆಪ್ಟೆಂಬರಿನಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಸಮೂಹದ ಹೊಗೆ ಪರೀಕ್ಷೆಯ ಪ್ರಕರಣ ಈ ಎಂಜಿನಿನ ಕುಟುಂಬಕ್ಕೆ ಸಂಬಂಧಿಸಿದ್ದು. ಆ ವರ್ಷದ ಡಿಸೆಂಬರಿನಲ್ಲಿ ಭಾರತದಲ್ಲಿಯೂ ೩,೨೩,೭೦೦ ವಾಹನಗಳನ್ನು ತಿದ್ದುಪಡಿಗಾಗಿ ಮರಳಿ ಕರೆಯಲಾಯಿತು. ಆ ಕೆಲಸ ಆಗಿದೆಯೇ ಎಂಬುದನ್ನೂ ಕಡತದಲ್ಲಿ ನೋಡಬೇಕು.

ಎಲ್ಲವೂ ಸರಿಯಾಗಿತ್ತು. ಮಿತ್ರರ ತಾಯಿಯನ್ನೂ ಕರೆತಂದಿದ್ದೆವು. ಆಕೆ ಬಾಗಿಲ ಬಳಿ ನಿಂತು, ಬಲಗೈಯಲ್ಲಿ ಹಿಡಿ ಹಿಡಿದು, ಮನೆಯ ಜಗಲಿಯ ಮೇಲೆ ಕೂರುವಂತೆ ಸಲೀಸಾಗಿ ಕುಳಿತರು. ಹಿಂದಿನ ಮೂರು ಆಸನಗಳೂ ಬೇರೆ ಬೇರೆ. ಬದಿಯವನ್ನು ಹಿಂದೆ ಮುಂದೆ ಸರಿಸಬಹುದು, ಒಂದೊಂದನ್ನೂ ಕಿತ್ತು ಹೊರಗಿಡಲೂಬಹುದು. ನಡುವಿನದನ್ನು ತೆಗೆದರೆ ಪಕ್ಕದಲ್ಲಿ ಚೀಲ, ಹೊದಿಕೆ, ನೀರಿನ ಸೀಸೆಗಳಿಗೆ ಜಾಗ. ಸುತ್ತ ದೊಡ್ಡ ಗಾಜು, ಒಳಗೆಲ್ಲ ಬೆಳಕು. ಮಿತ್ರರ ಮುಖದಲ್ಲಿ ಆ ಬೆಳಕೇ ಇತ್ತು. ಮುಂಗಡದ ಹಣವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರೆಂದು ಆಮೇಲೆ ತಿಳಿಯಿತು.

ಆಗ ನನ್ನ ಸುಟ್ಟ ಕೈ ಚುರುಗುಟ್ಟಿತು.

ಹಿಂದೊಮ್ಮೆ ನನ್ನಲ್ಲಿಯೂ ಇಂಥದೇ ಒಂದು ಅಪರೂಪದ ವಾಹನವಿತ್ತು. ಅದರ ಕುಲಗೋತ್ರ ಇಲ್ಲಿ ಬೇಡ. ತಯಾರಿಸಿದವರು ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿ ಹೋಗಿದ್ದರು ಎಂದಷ್ಟು ಹೇಳಿದರೆ ಸಾಕು. ಒಂದು ದಿನ, ಎಂಜಿನಿನ ಬಿಸಿ ನೀರು ಹರಿಯುವ ಪ್ಲಾಸ್ಟಿಕ್ ಕೊಳವೆಯ ಬಾಗು ಒಡೆಯಿತು. ಹೆಬ್ಬೆರಳಿನಷ್ಟಿನ ವಸ್ತು, ಬೆಲೆ ಸಾವಿರ ರೂಪಾಯಿಯೂ ಇಲ್ಲ. ಆದರೆ ಅದಿಲ್ಲದೆ ವಾಹನ ಹೆಜ್ಜೆಯಿಡದು. ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕದ ಬಿಡಿಭಾಗವೇ ಇಲ್ಲವೆಂಬ ಮಾತುಂಟು. ಆ ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಒಡೆದ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಅಂಗಡಿ ಅಂಗಡಿಗೂ ತೋರಿಸುತ್ತ ನಡೆದೆ. ಕೊನೆಗೆ ಅದು ದಿಲ್ಲಿಯ ಒಬ್ಬ ವರ್ತಕನಿಂದ ಬಂದದ್ದು ಇಪ್ಪತ್ತಮೂರನೆಯ ದಿನ. ವಾಹನ ಕೆಟ್ಟದ್ದೆಂದು ನಾನು ಇಂದಿಗೂ ಹೇಳುವುದಿಲ್ಲ. ಹಾಗೆ ಒಡೆಯುವ ತುಂಡು ಎಲ್ಲ ವಾಹನಗಳಲ್ಲಿಯೂ ಇರುತ್ತದೆ; ಸಾಮಾನ್ಯ ವಾಹನವಾಗಿದ್ದರೆ ಅದೇ ಸಂಜೆ ಹೊರಡುತ್ತಿತ್ತು.

ಅಂದಿನಿಂದ ನನಗೊಂದು ಸಂಗತಿ ಮನವರಿಕೆಯಾಗಿದೆ. ಹಳೆಯ ವಾಹನ ಕೊಳ್ಳುವವರೆಲ್ಲ ಕೇಳುವ ಪ್ರಶ್ನೆ, "ಗಾಡಿ ಚೆನ್ನಾಗಿದೆಯೇ?" ಎಂಬುದು. ಅಪರೂಪದ ವಾಹನದ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಹೌದೆಂದೇ ಇರುತ್ತದೆ. ಅದನ್ನು ಕೊಂಡವನು ಸಾಮಾನ್ಯವಾಗಿ ಪ್ರೀತಿಯಿಂದ ಕೊಂಡವನು, ಪ್ರೀತಿಯಿಂದಲೇ ಸಾಕಿರುತ್ತಾನೆ. ಮೂಲ ಬೆಲೆಯ ಕಾಲುಭಾಗಕ್ಕೇ ಅದು ಸಿಕ್ಕುವುದಕ್ಕೆ ಕಾರಣ ಗುಣದ ಕೊರತೆಯಲ್ಲ, ಕೊಳ್ಳುವವರ ಕೊರತೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಬೇರೆ: "ಈ ಗಾಡಿ ಇಲ್ಲದೆ ನಮ್ಮ ಮನೆ ಎಷ್ಟು ದಿನ ಇರಬಲ್ಲುದು?" ಅಪರೂಪಕ್ಕೆ ನಾವು ತೆರುವ ಬೆಲೆ ರೂಪಾಯಿಗಳಲ್ಲಿ ಅಲ್ಲ, ದಿನಗಳಲ್ಲಿ.

ಯೇತಿಯ ಸ್ಥಿತಿ ನನ್ನ ಹಳೆಯ ವಾಹನದಷ್ಟು ಅನಾಥವಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಅದನ್ನು ಮಾಡಿದ ಸಂಸ್ಥೆ ನಮ್ಮಲ್ಲಿ ಬೇರೆ ವಾಹನಗಳನ್ನು ಮಾರುತ್ತಲೇ ಇದೆ. ಜೊತೆಗೆ ಯೇತಿಗೆ ಬಂಧುಬಳಗವುಂಟು. ಅದರ ತಳಹದಿ, ಎಂಜಿನು, ಅನೇಕ ಯಂತ್ರಭಾಗಗಳು ಅದೇ ಸಂಸ್ಥೆಯ ಲಾರಾ ಕಾರಿಗೂ ಫೋಕ್ಸ್‌ವ್ಯಾಗನ್ ಮನೆತನದ ಇತರ ಕಾರುಗಳಿಗೂ ಸಮಾನ. ಎಂಜಿನಿನ ಶೋಧಕ, ಬ್ರೇಕಿನ ಪಟ್ಟಿ, ಬೆಲ್ಟು, ಪಂಪುಗಳಿಗೆ ಹೆಚ್ಚು ಪರದಾಡಬೇಕಾಗಿಲ್ಲ. ಕಷ್ಟವಿರುವುದು ಅದಕ್ಕೆ ಮಾತ್ರ ಸೇರಿದ ಅಂಗಗಳಲ್ಲಿ: ಮುಂಗಾಜು, ದೀಪಗಳು, ಬಾಗಿಲು, ಬಂಪರು, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಜೋಡಣೆ. ಆದ್ದರಿಂದ ಕೊಳ್ಳುವ ಮೊದಲು ಎರಡು ಪಟ್ಟಿ ಬರೆಯಬೇಕು. ಬಂಧುಗಳಿಂದ ಕಡ ತರಬಹುದಾದುವು ಒಂದು, ತನ್ನದೇ ಆದುವು ಇನ್ನೊಂದು. ಎರಡನೆಯ ಪಟ್ಟಿಯಲ್ಲಿರುವ ನಾಲ್ಕಾರು ವಸ್ತುಗಳನ್ನು ಬಿಡಿಭಾಗದ ವರ್ತಕನಲ್ಲಿ ವಿಚಾರಿಸಿ, ಬೆಲೆಯೆಷ್ಟೆಂದು ಕೇಳುವ ಮೊದಲು ಎಷ್ಟು ದಿನವೆಂದು ಕೇಳಬೇಕು.

ವಿಮೆಯಿದೆಯಲ್ಲ ಎಂದು ಸಮಾಧಾನ ಪಡುವವರು ಅದರ ಲೆಕ್ಕವನ್ನೂ ತಿಳಿದಿರಬೇಕು. ಹತ್ತು ವರ್ಷ ಮೀರಿದ ವಾಹನ ಅಪಘಾತಕ್ಕೀಡಾದರೆ, ಸಾಮಾನ್ಯ ವಿಮೆಯ ನಿಯಮದಂತೆ ಲೋಹದ ಭಾಗಗಳ ಬೆಲೆಯಲ್ಲಿ ಶೇಕಡ ೫೦ ಕಳೆಯುತ್ತಾರೆ; ಪ್ಲಾಸ್ಟಿಕ್ ಮತ್ತು ರಬ್ಬರಿನ ಭಾಗಗಳಿಗಂತೂ ವಯಸ್ಸೆಷ್ಟೇ ಇರಲಿ ಶೇಕಡ ೫೦. ಗಾಜಿಗೆ ಮಾತ್ರ ಕಡಿತವಿಲ್ಲ. ಇನ್ನು ಕಾಯುವ ದಿನಗಳಿಗೆ ಸಾಮಾನ್ಯ ವಿಮೆ ಏನನ್ನೂ ಕೊಡುವುದಿಲ್ಲ.

ಕಾಗದಪತ್ರಗಳ ಮಾತೂ ಎರಡು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಅನಂತರ ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ೨೦೧೨ರ ವಾಹನಕ್ಕೆ ಆ ಅವಧಿ ತುಂಬುವುದು ೨೦೨೭ರಲ್ಲಿ. ಉತ್ತರದ ಕಡೆಯಿಂದ ಬಂದ ಅಗ್ಗದ ಡೀಸಲ್ ವಾಹನಗಳನ್ನು ಕಂಡು ಹಿಗ್ಗಬಾರದು. ದಿಲ್ಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸಲ್ ವಾಹನಗಳ ಸಂಚಾರವನ್ನು ತಡೆದ ಹಸಿರು ನ್ಯಾಯಮಂಡಳಿಯ ೨೦೧೫ರ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ ೨೦೧೮ರಲ್ಲಿ ಎತ್ತಿಹಿಡಿದ ಮೇಲೆ ಅಂಥವು ಅನೇಕ ಬೇರೆ ರಾಜ್ಯಗಳಿಗೆ ಸಾಗಿಬಂದಿವೆ. ಅವುಗಳಿಗೆ ಹಳೆಯ ಕಚೇರಿಯ ನಿರಾಕ್ಷೇಪಣ ಪತ್ರ ಬೇಕು, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಊರೊಳಗಿನ ವ್ಯವಹಾರವಾದರೂ, ಮಾರಿದವನು ಹದಿನಾಲ್ಕು ದಿನಗಳೊಳಗೆ, ಕೊಂಡವನು ಮೂವತ್ತು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಹಾಗೆ ಮಾಡದೆ ಅಪಘಾತವಾದರೆ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ ೨೦೧೮ರಲ್ಲಿ ತೀರ್ಪಿತ್ತಿದೆ.

ಇರಲಿ, ಆ ಭಾನುವಾರಕ್ಕೆ ಮರಳೋಣ. ನನ್ನ ಪ್ರಶ್ನೆಯನ್ನು ಹೇಗೆ ಎತ್ತಬೇಕೆಂದು ನಾನು ತಡವರಿಸುತ್ತಿದ್ದೆ. ಮಿತ್ರರ ಸಂತೋಷಕ್ಕೆ ಕಲ್ಲು ಹಾಕುವುದು ನನಗೇನು ಪ್ರಿಯವೇ? ಅಷ್ಟರಲ್ಲಿ ಮಾರುವ ಹಿರಿಯರೇ, "ವಾಹನ ದಿನವೂ ಬೇಕೇ, ಆಗಾಗ ಬೇಕೇ?" ಎಂದರು. ಮಿತ್ರರು ತಾಯಿಯ ವಿಷಯ ಹೇಳಿದರು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮಲ್ಲಿ ಇದು ಎರಡನೆಯ ಗಾಡಿ. ಮಗನದೊಂದು ಯಾವಾಗಲೂ ಇರುತ್ತದೆ. ಅದರಿಂದಲೇ ಇದರ ಮೇಲಿನ ನನ್ನ ಪ್ರೀತಿ ಇಷ್ಟು ವರ್ಷ ಉಳಿದಿದೆ. ನಿಮ್ಮಲ್ಲಿ ಇನ್ನೊಂದು ಇದೆಯೇ?" ಎಂದು ಕೇಳಿದರು.

ಇರಲಿಲ್ಲ. ಚಿಕ್ಕ ಕಾರನ್ನು ಮಾರಿದರೆ ತಾನೆ ಇದಕ್ಕೆ ಹಣ!

ತನ್ನ ವಸ್ತು ಮಾರಾಟವಾಗುವ ಗಳಿಗೆಯಲ್ಲಿ ಅಂಥ ಪ್ರಶ್ನೆ ಕೇಳುವ ಮನುಷ್ಯರು ಇನ್ನೂ ಇದ್ದಾರೆ. ನಾನು ಆಗ ಧೈರ್ಯವಹಿಸಿ ನನ್ನ ಇಪ್ಪತ್ತಮೂರು ದಿನಗಳ ಕಥೆಯನ್ನು ಹೇಳಿದೆ. ಇಪ್ಪತ್ತಮೂರು ದಿನವೆಂದರೆ ಆರೇಳು ಡಯಾಲಿಸಿಸ್. ಮಿತ್ರರ ಮುಖ ಬಾಡಿತು. "ಅಷ್ಟು ದಿನ ಹೇಗಾದರೂ ಬಾಡಿಗೆಯ ಕಾರಿನಲ್ಲಿ ಸುಧಾರಿಸಬಹುದು" ಎಂದರು, ತಮಗೇ ಹೇಳಿಕೊಳ್ಳುವಂತೆ. ಆ ಬಾಡಿಗೆಯ ಕಾರುಗಳ ಕಾಟ ತಪ್ಪಿಸಿಕೊಳ್ಳಲೆಂದೇ ಹೊರಟವರು ಅವರು.

ಅಷ್ಟು ಹೊತ್ತೂ ಎತ್ತರದ ಆಸನದಿಂದ ಕೆಳಗಿಳಿಯದೆ ಎಲ್ಲವನ್ನೂ ಕೇಳುತ್ತಿದ್ದ ತಾಯಿ, "ಈ ಗಾಡಿಯ ಹೆಸರೇನೆಂದಿರಿ?" ಎಂದರು.

"ಯೇತಿ, ಅಮ್ಮ."

"ಯತಿಯೇ! ಹಾಗಾದರೆ ನಮಸ್ಕಾರ ಮಾಡಿ ಮನೆಗೆ ಹೋಗೋಣ. ಯತಿಗಳು ಬಹಳ ದೊಡ್ಡವರು, ನಿಜ. ಆದರೆ ಚಾತುರ್ಮಾಸ್ಯ ಬಂದಿತೆಂದರೆ ಇದ್ದಲ್ಲಿಂದ ಏಳುವುದಿಲ್ಲ. ಆಗ ನನ್ನ ಮಂಗಳವಾರದ ಗತಿಯೇನು? ನನಗೆ ಸಂಸಾರಸ್ಥರೇ ಸಾಕು."

ಎಲ್ಲರೂ ನಕ್ಕೆವು, ಮಾರುವ ಹಿರಿಯರು ಎಲ್ಲರಿಗಿಂತ ಹೆಚ್ಚು ನಕ್ಕರು. ಆದರೆ ಇಳಿಯುವ ಮುನ್ನ ಆಕೆ ಆಸನದ ಅಂಚನ್ನು ಬಲಗೈಯಿಂದ ಒಮ್ಮೆ ಸವರಿದುದನ್ನು ನಾನು ನೋಡಿದೆ. ಮಗನೂ ನೋಡಿದ.

ಮೂರು ವಾರಗಳ ಅನಂತರ ಮಿತ್ರರು ಬೇರೊಂದು ಹಳೆಯ ವಾಹನವನ್ನು ಕೊಂಡರು. ಅದು ಬೀದಿಗೆ ನಾಲ್ಕರಂತೆ ಕಾಣಸಿಗುವ ಬಗೆಯದು. ನೋಟ ಸಪ್ಪೆ, ಓಟ ಸಾಧಾರಣ. ಒಳಗೆ ಯೇತಿಯ ಬೆಳಕಿಲ್ಲ. ಆದರೆ ಆಸನ ಎತ್ತರ. ಬಡಾವಣೆಯ ಮೂಲೆಯಲ್ಲಿರುವ ಗ್ಯಾರೇಜಿನ ಹುಡುಗ ಅದರ ಎಂಜಿನನ್ನು ಹಾಡು ಗುನುಗುತ್ತ ಬಿಚ್ಚುತ್ತಾನೆ. ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಐದೂವರೆಗೆ ಅದು ಹೊರಡುವ ಸದ್ದು ಅರೆನಿದ್ರೆಯಲ್ಲಿ ನನ್ನ ಕಿವಿಗೆ ಬೀಳುತ್ತದೆ. ಈವರೆಗೆ ಒಂದು ದಿನವೂ ತಪ್ಪಿಲ್ಲ.

ಹಾಗೆಂದು ಅಪರೂಪದ ವಾಹನವನ್ನು ಯಾರೂ ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಕಾಯಬಲ್ಲ ಮನೆಗೆ ಅದು ಅಲ್ಪ ಬೆಲೆಗೆ ದೊರೆಯುವ ದೊಡ್ಡ ಸುಖ. ಕಾಯಲಾರದ ಮನೆಗೆ ಅದೇ ವಾಹನ, ಅದೇ ಸುಸ್ಥಿತಿಯಲ್ಲಿ, ಭಾರ. ವಾಹನವನ್ನು ಪರೀಕ್ಷಿಸಲು ಮೇಸ್ತ್ರಿ ಸಿಕ್ಕುತ್ತಾನೆ. ಮನೆಯನ್ನು ಪರೀಕ್ಷಿಸಬೇಕಾದವರು ನಾವೇ.

ಆ ಹಿರಿಯರ ಫೋನ್ ನಂಬರನ್ನು ನಾನು ಇನ್ನೂ ಅಳಿಸಿಲ್ಲ. ನಮ್ಮ ಮನೆಯಿಂದ ಮೆಟ್ರೋ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ, ನಾವಿಬ್ಬರೇ ಇರುವುದು, ಅವಸರದ ಕೆಲಸವೇನೂ ಇಲ್ಲ. ಯೇತಿ ಮಾರಾಟವಾಯಿತೇ ಎಂದು ಒಮ್ಮೆ ವಿಚಾರಿಸಿ ನೋಡಿದರೆ ಹೇಗೆ ಎಂದು ಮೊನ್ನೆ ಊಟದ ಹೊತ್ತಿನಲ್ಲಿ ಮೆಲ್ಲನೆ ಪ್ರಸ್ತಾಪಿಸಿದೆ. ನನ್ನಾಕೆ ಮಜ್ಜಿಗೆ ಬಡಿಸುತ್ತಿದ್ದ ಸೌಟನ್ನು ಅಲ್ಲಿಯೇ ನಿಲ್ಲಿಸಿ, "ಜೆ.ಸಿ. ರಸ್ತೆಗೆ ಕರವಸ್ತ್ರ ಒಗೆದಿಡಲೇ?" ಎಂದಳು.

ಪ್ರಸ್ತಾಪ ಸದ್ಯಕ್ಕೆ ಅಲ್ಲಿಗೆ ನಿಂತಿದೆ.